ಮೊದ್ಲು ಏನಾಗಿದ್ರಿ?

ಹಿತ್ತಲ ಕಡೆಯ ಎರಡು ಕೋಣೆಗೆ ಮೊನ್ನೆ ಸುಣ್ಣ ಹೊಡೆಸಿದೆ. ಬಾಡಿಗೆಗೆ ಕೊಡಬೇಕು. ನೋಡಿ, ನಾನೂ ಓನರ್ ಆಗಿಬಿಟ್ಟೆ! ಬಂದವರನ್ನು ಏನೇನು ಕೇಳಬೇಕೆಂದು ಕುರ್ಚಿ ಹಾಕಿಕೊಂಡು ಗತ್ತಿನಿಂದ ಯೋಚಿಸುತ್ತಿದ್ದೆ. ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಗತ್ತೆಲ್ಲ ಇಳಿದುಹೋಯಿತು.

ತೊಂಬತ್ತರ ದಶಕದಲ್ಲಿ ಅರಸೀಕೆರೆಯ ಬೀದಿಬೀದಿಯಲ್ಲಿ ಇದೇ ವಾಸನೆಯ ಖಾಲಿ ಮನೆಗಳನ್ನು ನಾವು ನೋಡಿದ್ದೆವು. ಅಪ್ಪ ಗಂಡಸಿ ಕಡೆಯ ಹಳ್ಳಿಯೊಂದರಲ್ಲಿ ಹೈಸ್ಕೂಲ್ ಮೇಷ್ಟ್ರು. ಅಕ್ಕ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ನಮ್ಮ ಹಳ್ಳಿಯ ಬಸ್ಸು ಪೇಟೆ ಮುಟ್ಟುವುದರೊಳಗೆ ಕಾಲೇಜು ಅರ್ಧ ಮುಗಿದಿರುತ್ತಿತ್ತು. ಪೇಟೆಯಲ್ಲಿ ಮನೆ ಸಿಗದಿದ್ದರೆ ಅವಳ ಓದಿಗೆ ಮಂಗಳ ಹಾಡಿದಂತೆಯೇ.

ಪೇಟೆಯ ಜನ ಬಹಳ ಮರ್ಯಾದಸ್ಥರು ಕಣ್ರೀ. ಮುಖಕ್ಕೆ ಹೊಡೆದಂತೆ ‘ಇಲ್ಲ’ ಅನ್ನುವುದಿಲ್ಲ. ಕೊಬ್ಬರಿ ವ್ಯಾಪಾರಿಯೊಬ್ಬರ ಹೆಂಡತಿ ಕಾಫಿ ಕೊಟ್ಟು, ಮನೆ ತೋರಿಸಿ, ಕೊನೆಗೆ ಮೆಲ್ಲಗೆ ಕೇಳಿದರು:

“ನೀವು ಯಾವ ಜನ ಮೇಷ್ಟ್ರೇ?”

“ಬೌದ್ಧರು ಅಮ್ಮಾ.”

“ಓ... ಅಲ್ಲಾ, ಮೊದ್ಲು ಏನಾಗಿದ್ರಿ?”

“ಮೊದ್ಲೂ ಈ ದೇಶದ ಪ್ರಜೆಯೇ ಆಗಿದ್ದೆ,” ಅಂದರು ಅಪ್ಪ.

ಆಕೆಯ ಮುಖ ಚಿಕ್ಕದಾಯಿತು. “ನಮ್ಮ ಭಾವನೋರನ್ನ ಒಂದು ಮಾತು ಕೇಳಿ ಹೇಳ್ತೀವಿ.”

ಅರಸೀಕೆರೆಯಲ್ಲಿ ಅಷ್ಟೊಂದು ಭಾವಂದಿರಿದ್ದಾರೆಂದು ಆ ಬೇಸಿಗೆಯಲ್ಲೇ ನನಗೆ ತಿಳಿದದ್ದು. ಯಾವ ಭಾವನೂ ಒಪ್ಪಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಅವ್ವ ಸಿಡಿದಳು. “ಬೇರೆ ಏನೋ ಒಂದು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಸಂವಿಧಾನ ಬಂದು ತಲೆ ಮೇಲೆ ಸೂರು ಹೊದಿಸ್ತದಾ?”

“ಕ್ಲಾಸಲ್ಲಿ ಎಲ್ರೂ ಸಮ ಅಂತ ಪಾಠ ಮಾಡ್ತೀನಿ ಕಣೇ. ಇಲ್ಲಿ ಸುಳ್ಳು ಹೇಳಿದ್ರೆ, ನಾನು ಕಡಿಮೆಯೋನು ಅಂತ ನಾನೇ ಒಪ್ಕೊಂಡಂಗೆ.”

“ಒಪ್ಕೋಬ್ಯಾಡಿ ಬಿಡಿ. ಮಗಳು ಮನೇಲಿ ಕೂರ್ಲಿ.” ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಪ್ಪನದೂ ಸರಿ, ಅವ್ವನದೂ ಸರಿ. ಸಂಕಟ ಇರುವುದೇ ಅಲ್ಲಿ. ಹಕ್ಕು ಇದೆ ಎಂದು ಅಪ್ಪ ಊರಿನ ಮಕ್ಕಳಿಗೆಲ್ಲ ಹೇಳಿಕೊಟ್ಟರು, ಆದರೆ ಮನೆಯ ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿತ್ತು. ಕೊನೆಗೊಮ್ಮೆ ರೈಲ್ವೆಯವರೊಬ್ಬರು ಏನೂ ಕೇಳದೆ ಮನೆ ಕೊಟ್ಟರು. ಅಷ್ಟು ಹೊತ್ತಿಗೆ ಅಕ್ಕ ಮದುವೆಯಾಗಿ ಹಳೇಬೀಡು ಸೇರಿದ್ದಳು.

ಇವತ್ತು ಬೆಳಿಗ್ಗೆ ಹುಡುಗಿಯೊಬ್ಬಳು ಮನೆ ಕೇಳಿಕೊಂಡು ಬಂದಳು, ಆಸ್ಪತ್ರೆಯಲ್ಲಿ ನರ್ಸಂತೆ. ಹೊಸಿಲು ದಾಟದೆ ಹೊರಗಿನಿಂದಲೇ ಕೋಣೆ ನೋಡಿ, ಬಾಗಿಲಲ್ಲಿ ನಿಂತಿದ್ದ ಅವ್ವನ ಮುಂದೆ ದನಿ ತಗ್ಗಿಸಿದಳು: “ಅಮ್ಮಾ, ಆಮೇಲೆ ಮಾತು ಬರೋದು ಬೇಡ, ಮೊದ್ಲೇ ಹೇಳ್ಬಿಡ್ತೀನಿ. ನಾವು...”

“ಅದನ್ಯಾರು ಕೇಳಿದ್ರು ಮಗಾ?” ಅವ್ವ ಅರ್ಧಕ್ಕೇ ತಡೆದಳು. “ನಲ್ಲೀಲಿ ನೀರು ದಿನಾ ಬರಲ್ಲ. ಅದಕ್ಕೊಪ್ಪಿದ್ರೆ ಒಳಗೆ ಬಾ.”

ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಯಾವ ಜನವೋ, ನಮಗಿನ್ನೂ ಗೊತ್ತಿಲ್ಲ.