ಅರ್ಧ ಮಾತ್ರೆಯ ಲೆಕ್ಕಾಚಾರ

ನಮ್ಮ ಟೇಲರ್ ಭಾವನ ಹೊಟ್ಟೆಯಂಥ ಹೊಟ್ಟೆ ಭೂಲೋಕದಲ್ಲಿ ಇನ್ನೊಂದಿರಲಿಲ್ಲ. ಗುಂಡುಕಲ್ಲು ನುಂಗಿದರೂ ಸಂಜೆಗೆ ಮತ್ತೆ ಹಸಿವು ಎನ್ನುತ್ತಿದ್ದ. ಈಗ ಅದೇ ಹೊಟ್ಟೆಯಲ್ಲಿ ಹುಣ್ಣು, ತಟ್ಟೆಯಲ್ಲಿ ಉಪ್ಪು ಖಾರವಿಲ್ಲದ ಮೆತ್ತನೆ ಅನ್ನ. ಹೊಲಿಗೆ ಯಂತ್ರಕ್ಕೆ ಬಗ್ಗಿ ಬಗ್ಗಿ ಬೆನ್ನೂ ಕೈಕೊಟ್ಟಿತ್ತು. ಡಾಕ್ಟರು ಬರೆದುಕೊಟ್ಟ ಪ್ಯಾರಾಸಿಟಮಾಲ್ ಆ ನೋವಿನ ಮುಂದೆ ಆನೆಗೆ ಇರುವೆ ಕಚ್ಚಿದಂತೆ. ನೋವಿಗೆಂದು ಜೋರು ಮಾತ್ರೆ ನುಂಗಿದರೆ ಹುಣ್ಣಿನಿಂದ ರಕ್ತ ಸುರಿಯುತ್ತದೆಂದು ಅವರು ಮೊದಲೇ ಎಚ್ಚರಿಸಿದ್ದರು. ಭಾವ ಮಾತ್ರೆಯನ್ನೂ ಬಟ್ಟೆಯೆಂದೇ ತಿಳಿದ. ಕತ್ತರಿಯಿಂದ ಅರ್ಧ ಮಾಡಿದರೆ ಅಪಾಯವೂ ಅರ್ಧವಾಗುತ್ತದೆಂದು ಆ ಜೋರು ಮಾತ್ರೆಯನ್ನೇ ತಂದು ದಿನಾ ಅರ್ಧರ್ಧ ನುಂಗಿದ. ಕೊನೆಗೆ ರಕ್ತ ಕಾರಿಕೊಂಡು ಆಸ್ಪತ್ರೆ ಸೇರಿದ.

“ಬೆನ್ನಿಗೋಸ್ಕರ ಹೊಟ್ಟೆ ಹಾಳು ಮಾಡ್ಕೊಂಡ್ರಲ್ಲ, ಬುದ್ಧಿ ಎಲ್ಲಿಟ್ಟಿದ್ರಿ?” ಎಂದು ಅಕ್ಕ ಮಂಚದ ಪಕ್ಕ ಕಣ್ಣೊರೆಸಿಕೊಳ್ಳುತ್ತಲೇ ಬೈದಳು.

“ಬೆನ್ನು ಬಗ್ಗಿದ್ರೆ ತಾನೇ ಕಣೇ, ಹೊಟ್ಟೆಗೆ ಆ ಸಪ್ಪೆ ಅನ್ನಾನಾದ್ರೂ ಸಿಗೋದು?” ಎಂದ ಭಾವ.