ಮೊರದಲ್ಲಿದ್ದ ಬಿಳಿ ಕೂಸು

ಕನಸು ನಿಜವಾಗುತ್ತದೆ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಅಜೀರ್ಣವಾದರೆ ಕನಸು ಬೀಳುತ್ತದೆ, ಅಷ್ಟೇ ಎನ್ನುತ್ತಿದ್ದೆ. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆಯೇ ಎಂದರೆ, ಅದೂ ಗೊತ್ತಿಲ್ಲ.

೨೦೦೯ರಲ್ಲಿ ನಾನು ಅವಳಿ ಮಕ್ಕಳ ಬಸುರಿ. ಕೋಡಿಬಾಗದ ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ಉಂಡು ಅಡ್ಡಾಗಿದ್ದೆ. ಕನಸಿನಲ್ಲಿ ಒಂದೇ ಮೊರದಲ್ಲಿ ಎರಡು ಹೆಣ್ಣು ಕೂಸು. ಒಂದು ಹಣ್ಣಾದ ಮುರುಗಲಿನಂತೆ ಕೆಂಪು, ಇನ್ನೊಂದು ಹಾಲಿನ ಕೆನೆಯಷ್ಟು ಬಿಳಿ. ಎರಡೂ ಅಳುತ್ತಿರಲಿಲ್ಲ. ಎದ್ದಾಗ ಮೈಯೆಲ್ಲ ಬೆವರಿತ್ತು, ಸೆಕೆಗಿರಬೇಕು ಅಂದುಕೊಂಡೆ.

ಅಂಕೋಲೆಯ ತವರಿನಲ್ಲಿ ಹೂ ಮುಡಿಸುವ ಶಾಸ್ತ್ರದ ದಿನ ತಮಾಷೆಗೆಂದು ಇದನ್ನು ಹೇಳಿದೆ. ಹೆಂಗಸರಿಗೆಲ್ಲ ಹಬ್ಬವೇ ಆಯಿತು. “ನಮ್ಮನೇಲಿ ಒಂದಾದ್ರೂ ಬೆಳ್ಳಗೆ ಹುಟ್ತದೆ, ಅಲ್ದನೇ!” ಎಂದು ಅತ್ತೆ ನನ್ನ ಗಲ್ಲ ಹಿಂಡಿದರು. ಗಂಡನ ಮನೆಯವರೆಲ್ಲ ಕಪ್ಪು, ನಾನೂ ಕಪ್ಪೇ. ಅಂದಿನಿಂದ ದಿನವೂ ಕೇಸರಿ ಹಾಕಿದ ಹಾಲು. ಬಿಳಿ ಕೂಸಿಗೆ ಹೆಸರನ್ನೂ ಹುಡುಕಿದರು. ಕೆಂಪು ಕೂಸನ್ನು ಯಾರೂ ಕೇಳಲಿಲ್ಲ.

ಅಲ್ಲಿಯವರೆಗಿನ ಸ್ಕ್ಯಾನಿಂಗಿನಲ್ಲಿ ಎರಡೂ ಚೆನ್ನಾಗಿಯೇ ಇದ್ದವು. ಮುಂದಿನ ಸಲ ಕಾರವಾರದ ಡಾಕ್ಟರಮ್ಮ ಡಾಪ್ಲರ್ ಹಾಕಿ ಕೂಸುಗಳ ತಲೆಯೊಳಗಿನ ರಕ್ತದ ಓಟ ನೋಡಿದರು. ಒಂದರ ಮೇಲೆ ಬಹಳ ಹೊತ್ತು ಯಂತ್ರ ಹಿಡಿದರು.

“ಇದರ ರಕ್ತ ತುಂಬಾ ಜೋರಾಗಿ ಓಡ್ತದೆ. ರಕ್ತ ತೆಳುವಾದ್ರೆ ಹಾಗೆ ಓಡೂದು.”

ಹೊಟ್ಟೆಯೊಳಗೆ ಎರಡನ್ನೂ ಪೊರೆಯುವ ಮಾಸು ಒಂದೇ. ಅದರೊಳಗಿನ ಸಣ್ಣ ನಾಳಗಳಲ್ಲಿ ಒಂದರ ರಕ್ತ ಇನ್ನೊಂದಕ್ಕೆ ಸೋರುತ್ತಿದೆ ಎಂದು ತಿಳಿಸಿ ಹೇಳಿದರು. “ರಕ್ತ ಕಳಕೊಂಡದ್ದು ಬಿಳಚಿಕೊಳ್ತದೆ, ಇನ್ನೊಂದು ಕೆಂಪಾಗ್ತದೆ.”



ಅಂದೇ ಗಡಿಯ ಮಾಜಾಳಿ ದಾಟಿ ಗೋವಾದ ದೊಡ್ಡ ಆಸ್ಪತ್ರೆ ಸೇರಿದೆವು. ತಡಮಾಡದೆ ಹೊಟ್ಟೆ ಕೊಯ್ದು ತೆಗೆದರು. ನರ್ಸ್ ತಂದು ತೋರಿಸಿದಾಗ ಎರಡೂ ಹೆಣ್ಣು. ಒಂದು ಮುರುಗಲು, ಒಂದು ಕೆನೆ. ಬಿಳಿ ಕೂಸು ಮರುದಿನ ತೀರಿಕೊಂಡಿತು.

ಉಳಿದವಳ ಕೆಂಪು ಇಳಿದು ಅವಳು ನಮ್ಮೆಲ್ಲರ ಬಣ್ಣಕ್ಕೆ ಬಂದಳು. ಒಂದು ದಿನ ಅವಳನ್ನು ಮೀಯಿಸುತ್ತ ಅತ್ತೆ, “ಬೆಳ್ಳಗಿದ್ದದ್ದೇ ಹೋಯ್ತಲ್ಲೇ ತಂಗೀ” ಎಂದು ನಿಟ್ಟುಸಿರು ಬಿಟ್ಟರು. ಚೆಂಬು ಕಸಿದುಕೊಂಡು ಅವರನ್ನು ಬಚ್ಚಲಿನಿಂದ ಹೊರಗೆ ಕಳಿಸಿದೆ. ಆ ಸಿಟ್ಟು ಇಂದಿಗೂ ಇಳಿದಿಲ್ಲ.

ಯಂತ್ರ ರಕ್ತದ ಓಟ ಅಳೆದು ಹೇಳಿತು, ಅದು ನನಗೆ ಅರ್ಥವಾಗುತ್ತದೆ. ಅದಕ್ಕೂ ಮೊದಲೇ ನನಗೆ ತೋರಿಸಿದವರು ಯಾರು? ಎಚ್ಚರಿಸಲೆಂದೇ ತೋರಿಸಿದ್ದರೆ, ನಮ್ಮವರು ಕೇಳಿದೊಡನೆ ಕುಣಿದಾಡುವ ಬಣ್ಣದಲ್ಲೇ ಏಕೆ ತೋರಿಸಿದರು?