ಬೀಗ ತೆಗೆದ ಬಯಲು

ಸೀಟಿ ಟೀಚರ್ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಶಾಲೆಯಲ್ಲಿ ವ್ಯಾಯಾಮ ಕಲಿಸುವ ಕೆಲಸ. ಆದರೆ ಕೊರಳಲ್ಲಿ ನೇತಾಡುತ್ತಿದ್ದ ಸೀಟಿಯನ್ನು ಆಕೆ ಊದಿ ವರ್ಷಗಳೇ ಕಳೆದಿದ್ದವು. ಹಿಂದೊಮ್ಮೆ ಓಟದ ಅಭ್ಯಾಸ ನಡೆಯುವಾಗ ಬಯಲಂಚಿನ ಹಳೆಯ ಗೋಡೆ ಕುಸಿದು, ಒಬ್ಬ ಹುಡುಗ ಅದರಡಿ ಸಿಕ್ಕಿ ಸತ್ತಿದ್ದ. ಅವನು ಬೇರೆ ಯಾರೂ ಅಲ್ಲ, ಆಕೆಯ ಒಡಹುಟ್ಟಿದ ಅಕ್ಕನ ಮಗ. ಓಡು ಎಂದು ಸೀಟಿ ಊದಿದ್ದವಳು ಆಕೆಯೇ. ಅಂದೇ ಬಯಲಿಗೆ ಬೀಗ ಬಿತ್ತು.

ಗೋಡೆ ಬಿದ್ದರೆ ನೀವೇನು ಮಾಡೋಕಾಗುತ್ತೆ ಎಂದು ಎಲ್ಲರೂ ಹೇಳಿದರು. ಅಕ್ಕ ಮಾತ್ರ ಏನೂ ಹೇಳಲಿಲ್ಲ. ಇಬ್ಬರೂ ಇದ್ದದ್ದು ಒಂದೇ ಮನೆಯಲ್ಲಿ. ಅಕ್ಕ ನಡುಮನೆಯ ಕಿಟಕಿಯ ಬಳಿ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಸಾವಿರ ಮಾತಾಡುತ್ತಿದ್ದರು, ಮಗನ ಮಾತೊಂದನ್ನು ಬಿಟ್ಟು.

ಶಾಲೆಯಲ್ಲಿ ವ್ಯಾಯಾಮವೆಂದರೆ ಬೆಂಚುಗಳ ಸಂದಿಯಲ್ಲಿ ನಿಂತು ಕೈ ಎತ್ತಿ ಇಳಿಸುವುದಷ್ಟೇ ಆಯಿತು. ಆ ಅವಧಿಯನ್ನೂ ಬಹಳ ಸಲ ಗಣಿತದ ಮೇಷ್ಟ್ರು ನುಂಗಿ ನೀರು ಕುಡಿಯುತ್ತಿದ್ದರು. ಒಂದು ಮಹಡಿ ಹತ್ತುವಷ್ಟರಲ್ಲಿ ಮಕ್ಕಳು ಕುಲುಮೆಯ ತಿದಿಯಂತೆ ಏದುಸಿರು ಬಿಡುತ್ತಿದ್ದರು. ತರಗತಿ ಖಾಲಿಯಾದ ಮೇಲೆ ಸೀಟಿ ಟೀಚರಿಗೆ ಹಿಂದಿನ ಬಯಲಿನಿಂದ ಒಂಟಿ ಹೆಜ್ಜೆಯ ಸದ್ದು ಕೇಳಿಸುತ್ತಿತ್ತು. ಕಿಟಕಿ ಮುಚ್ಚಿದರೂ ಕೇಳಿಸುತ್ತಿತ್ತು.

ಹೀಗಿರುವಾಗ ಸರಕಾರದ ಹೊಸ ನಿಯಮ ಬಂತು. ಪ್ರತಿ ಮಗುವೂ ದಿನಕ್ಕೊಂದು ಗಂಟೆ ಬಯಲಿನಲ್ಲಿ ಆಡಲೇಬೇಕು, ಆ ಗಂಟೆಯನ್ನು ಬೇರೆ ಯಾವ ಪಾಠಕ್ಕೂ ಕೊಡುವಂತಿಲ್ಲ, ಬಯಲಿಲ್ಲದ ಶಾಲೆಗೆ ಮಾನ್ಯತೆಯೂ ಇಲ್ಲ. ಹೆಡ್‌ಮಾಸ್ಟರು ಲಗುಬಗೆಯಿಂದ ಹೊಸ ಗೋಡೆ ಕಟ್ಟಿಸಿ, ಎಂಜಿನಿಯರನ್ನು ಕರೆಸಿ ಪರೀಕ್ಷೆ ಮಾಡಿಸಿ ಬೀಗ ತೆಗೆದರು.

"ಇನ್ನೇನು, ನಿಮ್ಮ ಕಾಲ ಬಂತಲ್ಲ!" ಎಂದು ನಕ್ಕರು.

ಮಕ್ಕಳು ಗೇಟಿನ ತನಕ ಬಂದು ಹೆಜ್ಜೆ ಕಿತ್ತಿಡದೆ ನಿಂತುಬಿಟ್ಟರು.

"ಹೋಗ್ರೋ, ಆಡ್ರೋ," ಎಂದಳು ಟೀಚರ್.

"ಒಳಗೆ ಅವನಿದಾನೆ ಟೀಚರ್," ಎಂದಳು ಎರಡು ಜಡೆಯ ಹುಡುಗಿ. "ಓಡಿದ್ರೆ ಹಿಂದಿನಿಂದ ಬಂದು ಹಿಡ್ಕೋತಾನಂತೆ."

ಅವನು ಸತ್ತಾಗ ಆ ಹುಡುಗಿ ತೊಟ್ಟಿಲಲ್ಲಿದ್ದಳು. ಕತೆ ಬೆಂಚಿನಿಂದ ಬೆಂಚಿಗೆ ದಾಟಿಕೊಂಡು ಬಂದಿತ್ತು. ಆ ಹೆಜ್ಜೆಯ ಸದ್ದನ್ನು ತಾನೇ ಕೇಳಿದ್ದ ಟೀಚರ್ ಮಕ್ಕಳನ್ನು ತರಗತಿಗೆ ವಾಪಸು ಕರೆದೊಯ್ದಳು.

ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿಕೊಂಡು ಅಕ್ಕನಿಗೆ ಹೇಳಿದಳು. ಹೊಲಿಗೆ ಯಂತ್ರ ನಿಂತಿತು.

"ಹಿಡ್ಕೋತಾನಂತಾ?" ಎಂದು ಕೇಳಿದಳು ಅಕ್ಕ.

ಮರುದಿನ ಕರೆಯದೆಯೇ ಜೊತೆಗೆ ಹೊರಟಳು. ಗೇಟಿನ ಬಳಿ ಮಕ್ಕಳ ಮುಂದೆ ನಿಂತು, "ನಾನು ಅವನ ಅಮ್ಮ," ಎಂದಳು. "ಅವನು ಯಾರನ್ನೂ ಹಿಡಿಯೋ ಆಸಾಮಿ ಅಲ್ಲ. ಮುಟ್ಟಾಟದಲ್ಲಿ ಆಮೆ. ದಿನಾ ಮೊದಲು ಔಟಾಗಿ, ಮನೆಗೆ ಬಂದು ಮೂತಿ ಊದಿಸ್ಕೊಂಡು ಕೂರ್ತಿದ್ದ. ನಿಮ್ಮನ್ನ ಹಿಡಿಯೋದು ಅವನ ಕೈಲಿ ಆಗೋ ಮಾತಾ?"

ಯಾರೋ ಕಿಸಕ್ಕೆಂದರು.

"ಹಾಗಾದ್ರೆ ನಾವೇ ಅವನನ್ನ ಹಿಡೀಬಹುದಾ?" ಎಂದಳು ಎರಡು ಜಡೆಯವಳು.

"ಹಿಡೀರಿ. ಆಮೇಲೆ ಬಿಟ್ಬಿಡಿ, ಅಳ್ತಾನೆ." ಅಕ್ಕ ತಂಗಿಯ ಕಡೆ ತಿರುಗಿದಳು. "ಊದೇ."

ತಂಗಿ ಸೀಟಿಯನ್ನು ತುಟಿಗಿಟ್ಟಳು. ಮೊದಲ ಸಲ ಬರೀ ಗಾಳಿ ಬಂತು. ಎರಡನೆಯ ಸಲ ಸೀಟಿ ಕೂಗಿತು. ಮಕ್ಕಳು ಕಟ್ಟೆ ಒಡೆದ ನೀರಿನಂತೆ ನುಗ್ಗಿದರು.

ಅಂದಿನಿಂದ ಅವರ ಆಟವೇ ಅದು. ಕಾಣದ ಒಬ್ಬನನ್ನು ಹಿಂಡಾಗಿ ಅಟ್ಟುತ್ತಾರೆ, ಒಬ್ಬರೂ ಹೇಳದಿದ್ದರೂ ಎಲ್ಲರೂ ಒಟ್ಟಿಗೇ ಎಡಕ್ಕೆ ಹೊರಳುತ್ತಾರೆ. ತಪಾಸಣೆಗೆ ಬಂದ ಅಧಿಕಾರಿ, ಇಷ್ಟು ಹುರುಪಿನ ಮಕ್ಕಳನ್ನು ಎಲ್ಲೂ ಕಾಣಲಿಲ್ಲವೆಂದು ಹೊಗಳಿ ಹೋದರು. ಹಿಂಡು ಗೋಡೆಯತ್ತ ತಿರುಗಿದಾಗಲೆಲ್ಲ ಟೀಚರ ಕೈ ಸೀಟಿಯತ್ತ ಹೋಗುತ್ತದೆ.

"ಇವತ್ತು ಸಿಕ್ಕಿದನಾ?" ಎಂದು ಅಕ್ಕ ಸಂಜೆ ಕೇಳುತ್ತಾಳೆ.

"ಸಿಕ್ಕಿದ. ಬಿಟ್ರು."

ಒಂದು ಸಂಜೆ ತಂಗಿ ಬಾಗಿಲಲ್ಲೇ ನಿಂತಳು. "ಇವತ್ತು ಸಿಗಲಿಲ್ವಂತೆ ಅಕ್ಕ. ತುಂಬಾ ಚುರುಕಾಗಿಬಿಟ್ಟಿದಾನಂತೆ."

ಅಕ್ಕ ದಾರವನ್ನು ಹಲ್ಲಿನಲ್ಲಿ ಕಡಿದಳು.

"ದಿನಾ ಓಡಿದ್ರೆ ಆಗಲ್ವಾ ಮತ್ತೆ," ಎಂದಳು.